ಟಿಂಪ್ಸನ್‌ನಲ್ಲಿ ಮನೆಗೊಂದು ಡೂಪ್ಲಿಕೇಟ್ ಕೀ

ಅಮ್ಮ ಮೂರು ತಿಂಗಳಿಗೆ ಅಂತ ಮ್ಯಾಂಚೆಸ್ಟರ್‌ಗೆ ಬಂದಿದ್ದಾಳೆ, ಅವಳಿಗೊಂದು ಬೀಗದ ಕೈ ಬೇಕಿತ್ತು. ಮೊದಲು ಮಾರ್ಕೆಟ್ ಹತ್ತಿರದ ಒಂದು ಚಿಕ್ಕ ಅಂಗಡಿಯಲ್ಲಿ ಮಾಡಿಸಿದೆ. ಬೀಗದೊಳಗೆ ಹೋಗುತ್ತೆ, ತಿರುಗಲ್ಲ. ಅಮ್ಮ ಹಾಲಿನ ಡಬ್ಬ ಹಿಡಿದು ಮಳೆಯಲ್ಲಿ ಅರ್ಧ ಗಂಟೆ ಬಾಗಿಲ ಮುಂದೆ ನಿಂತಿದ್ದಳು.

ಅದಕ್ಕೇ ಈ ಸಲ ಅವಳನ್ನೂ ಕರೆದುಕೊಂಡು ಸೂಪರ್‌ಮಾರ್ಕೆಟ್ ಎದುರಿನ ಟಿಂಪ್ಸನ್‌ಗೆ ಹೋದೆ. ಕೀ ಮಾಡಿಕೊಡುವ, ಶೂ ರಿಪೇರಿ ಮಾಡುವ ಕಂಪನಿ ಇದು, ಬ್ರಿಟನ್ ತುಂಬಾ ಅಂಗಡಿಗಳಿವೆ. ನಮ್ಮೂರ ಗೂಡಂಗಡಿಯಷ್ಟೇ ಜಾಗ. ಗೋಡೆ ತುಂಬಾ ಹಲ್ಲು ಕೊರೆಯದ ಕೀಗಳು, ಕೆಳಗೆ ಹಿಮ್ಮಡಿ ಕಿತ್ತ ಶೂಗಳು. ಒಳಗಿದ್ದವರು ಟೈ ಕಟ್ಟಿ ಏಪ್ರನ್ ಹಾಕಿದ್ದರು. ಹಳೇ ಕೀ ಒಂದು ಕಡೆ, ಹೊಸದು ಇನ್ನೊಂದು ಕಡೆ ಮಷೀನ್‌ಗೆ ಸಿಕ್ಕಿಸಿದರು, ಕಿರ್ರ್ ಅಂತ ಸದ್ದು, ಹಿತ್ತಾಳೆ ಪುಡಿ ಉದುರಿತು. ಮುಗೀತು ಅಂದುಕೊಂಡೆ. ಇಲ್ಲ, ಕೀಯನ್ನು ಬ್ರಷ್‌ಗೆ ಹಿಡಿದು ತರಿ ಎಲ್ಲ ತೆಗೆದು, ಎರಡನ್ನೂ ಜೋಡಿಸಿ ಬೆಳಕಿಗೆ ಹಿಡಿದು ನೋಡಿ, ಸಮಾಧಾನ ಆಗದೆ ಇನ್ನೊಂದು ಸಲ ಬ್ರಷ್‌ಗೆ ಕೊಟ್ಟರು. ಊರಿನ ಲೆಕ್ಕದಲ್ಲಿ ದುಡ್ಡು ಜಾಸ್ತಿಯೇ, ಆದರೆ ಇಲ್ಲಿ ಯಾವ ಕೈಕೆಲಸವೂ ಅಗ್ಗ ಅಲ್ಲ.

ವಾಪಸ್ ಬರುವಾಗ ಸುಮ್ನೆ ಇರಲಾರದೆ ಹೇಳಿದೆ: ಈ ಕಂಪನಿಯ ಕೆಲಸಗಾರರಲ್ಲಿ ಹೆಚ್ಚುಕಮ್ಮಿ ಹತ್ತರಲ್ಲಿ ಒಬ್ಬರು ಜೈಲಿಂದ ಬಂದವರು. ಅಮ್ಮ ಫುಟ್‌ಪಾತ್ ಮೇಲೇ ನಿಂತಳು.

"ಅಯ್ಯೋ, ಕಳ್ಳನ ಕೈಗೆ ಬೀಗದ ಕೈ ಕೊಟ್ಟು ಬಂದ್ಯೇನೋ!"

ಕೀ ನೋಡಿದರು, ಸರಿ. ಮನೆ ಎಲ್ಲಿ ಅಂತ ಕೇಳಲೇ ಇಲ್ವಲ್ಲಮ್ಮ, ಅಂದೆ. ಅದೂ ಅಲ್ಲದೆ ನಮಗೆ ಕೀ ಮಾಡಿಕೊಟ್ಟವರು ಜೈಲಿಗೆ ಹೋದವರೋ ಅಲ್ವೋ ಯಾರಿಗೆ ಗೊತ್ತು? ನಿಜ ಹೇಳಬೇಕಂದ್ರೆ ಮಷೀನ್ ಓಡುವಾಗ ನಾನೂ ಅವರ ಕೈ ಮೇಲಿನ ಹಚ್ಚೆ ನೋಡಿ ಲೆಕ್ಕ ಹಾಕ್ತಿದ್ದೆ, ಆಮೇಲೆ ನನಗೇ ನಾಚಿಕೆಯಾಯಿತು.

1865ರಲ್ಲಿ ಇದೇ ಮ್ಯಾಂಚೆಸ್ಟರ್‌ನಲ್ಲಿ ಶೂ ಮಾರುತ್ತಾ ಶುರುವಾದ ಮನೆತನದ ವ್ಯಾಪಾರ ಇದು. 2002ರಲ್ಲಿ ಆ ಮನೆತನದ ಜೇಮ್ಸ್ ಟಿಂಪ್ಸನ್ ಒಂದು ಜೈಲು ನೋಡಲು ಹೋದರು. ಅಲ್ಲಿ ಅವರನ್ನು ಸುತ್ತಾಡಿಸಿದ ಕೈದಿ ಹುಡುಗನ ಚುರುಕು ಇಷ್ಟವಾಗಿ, ಹೊರಗೆ ಬಂದ ಮೇಲೆ ಬಾ, ಕೆಲಸ ಕೊಡ್ತೀನಿ ಅಂದರು. ಹಾಗೆ ಶುರುವಾಗಿದ್ದು. ಆಮೇಲೆ ಜೈಲಿನೊಳಗೇ ತರಬೇತಿ ಕೊಡತೊಡಗಿದರು, ಶಿಕ್ಷೆ ಮುಗಿಯುತ್ತಾ ಬಂದ ಕೆಲವರು ಹಗಲು ಅಂಗಡಿಯಲ್ಲಿ ದುಡಿದು ರಾತ್ರಿ ಜೈಲಿಗೆ ಮರಳುವುದೂ ಉಂಟು. ಹಾಗಂತ ಕೇಳಿದವರಿಗೆಲ್ಲ ಕೆಲಸ ಇಲ್ಲ, ಲೈಂಗಿಕ ಅಪರಾಧ ಮಾಡಿದವರನ್ನು ತೆಗೆದುಕೊಳ್ಳುವುದಿಲ್ಲ. 2024ರ ಜುಲೈನಲ್ಲಿ ಈ ಜೇಮ್ಸ್ ಅವರನ್ನೇ ಬ್ರಿಟನ್ ಸರ್ಕಾರ ಜೈಲು ಮಂತ್ರಿ ಮಾಡಿತು. ಅಂಗಡಿ ನಡೆಸಿದ ಹಾಗೆ ಜೈಲು ನಡೆಸೋಕಾಗುತ್ತಾ, ನನಗೆ ಅನುಮಾನವೇ. ಆದರೆ ಬೇರೆ ಕಡೆ ಅರ್ಜಿಯಲ್ಲಿ "ಶಿಕ್ಷೆ ಆಗಿದೆಯೇ" ಅನ್ನೋ ಜಾಗಕ್ಕೆ ಟಿಕ್ ಹಾಕಿದ ತಕ್ಷಣ ಬದಿಗೆ ಬೀಳುವವರಿಗೆ ಇಲ್ಲೊಂದು ಮಷೀನ್, ಒಂದು ಏಪ್ರನ್ ಸಿಗುತ್ತಲ್ಲ, ಅದು ಕಣ್ಣಿಗೆ ಕಾಣೋ ಕೆಲಸ.

ಇನ್ನೊಂದು ವಿಷಯ. ಕೆಲಸ ಇಲ್ಲದವರು ಇಂಟರ್‌ವ್ಯೂಗೆ ಹೋಗುವುದಿದ್ದರೆ ಬಟ್ಟೆಯನ್ನು ಬಿಟ್ಟಿಯಾಗಿ ಡ್ರೈ ಕ್ಲೀನ್ ಮಾಡಿಕೊಡುತ್ತಾರೆ. ಬೇಕಾದವರು ಬಳಸಿಕೊಳ್ಳಿ.

ಮನೆಗೆ ಬಂದು ಅಮ್ಮನ ಕೈಗೇ ಕೀ ಕೊಟ್ಟೆ. ಬೆಣ್ಣೆ ಥರ ತಿರುಗಿತು. ಮೂರು ಸಲ ಹಾಕಿ ತೆಗೆದು ನೋಡಿದಳು. ಈಗ ಚಪ್ಪಲಿಯ ಉಂಗುಟ ಕಿತ್ತಿದೆ, ಅದನ್ನೂ ಆ ಅಂಗಡಿಯವರಿಗೇ ಕೊಡೋಣ ಅಂತಿದ್ದಾಳೆ. ಊರಿಂದ ತಂದ ಚಪ್ಪಲಿ, ಹೊಲಿಯುತ್ತಾರೋ ಇಲ್ವೋ ಶನಿವಾರ ಹೋಗಿ ಕೇಳಬೇಕು.