ಪ್ಲಗ್ ಮೀಟರ್: ಚಾರ್ಜರ್ ನಿರಪರಾಧಿ, ಗೀಸರ್ ವಿಚಾರಿಸಿ

ಕರೆಂಟ್ ಬಿಲ್ ಏರಿದಾಗ ಮೊದಲ ಬೈಗುಳ ಬೀಳುವುದು ಗೋಡೆಯಲ್ಲೇ ಮರೆತ ಫೋನ್ ಚಾರ್ಜರಿಗೆ. ಪ್ಲಗ್ ಮೀಟರ್ ಆ ಜಗಳ ಮುಗಿಸುತ್ತದೆ. ಸಾಕೆಟ್ಟಿಗೆ ಇದನ್ನು ಸಿಕ್ಕಿಸಿ, ಇದಕ್ಕೆ ಉಪಕರಣದ ಪ್ಲಗ್ ಹಾಕಿದರೆ ಸದ್ಯ ಎಷ್ಟು ವ್ಯಾಟ್, ಇಲ್ಲಿಯವರೆಗೆ ಎಷ್ಟು ಯೂನಿಟ್ ಎಂಬುದು ಪರದೆಯಲ್ಲಿ ಕಾಣುತ್ತದೆ. ಫೋನ್ ಇಲ್ಲದ ಚಾರ್ಜರ್ 0.2 ವ್ಯಾಟ್ ಎಳೆಯಿತೆಂದರೂ ವರ್ಷಕ್ಕೆ ಎರಡು ಯೂನಿಟ್ ತುಂಬುವುದಿಲ್ಲ. ಗೀಸರಿನಲ್ಲಿ 15 ಲೀಟರ್ ನೀರು ಇದ್ದುದಕ್ಕಿಂತ 30 ಡಿಗ್ರಿ ಬಿಸಿಯೇರಲು ಮಾತ್ರ ಅರ್ಧ ಯೂನಿಟ್ಟಿಗಿಂತ ತುಸು ಹೆಚ್ಚೇ ಬೇಕು. ನಾಲ್ಕು ಸ್ನಾನಕ್ಕೆ ಚಾರ್ಜರಿನ ಇಡೀ ವರ್ಷದ ಲೆಕ್ಕ ಚುಕ್ತಾ. ನಿಜವಾದ ಕಳ್ಳರು ಆರಿಸಿದಂತೆ ಕಾಣುವ ಪೆಟ್ಟಿಗೆಗಳು: ಸದಾ 10 ವ್ಯಾಟ್ ಎಳೆಯುವ ಒಂದು ಸೆಟ್ ಟಾಪ್ ಬಾಕ್ಸ್ ವರ್ಷಕ್ಕೆ ಸುಮಾರು 88 ಯೂನಿಟ್ ತಿನ್ನುತ್ತದೆ.

ಫ್ರಿಜ್ ಅಳೆಯುವಾಗ ಅವಸರ ಬೇಡ. ಕಂಪ್ರೆಸರ್ ಬಿಟ್ಟು ಬಿಟ್ಟು ಓಡುವುದರಿಂದ ಹತ್ತು ನಿಮಿಷದ ಅಂಕಿಗೆ ಅರ್ಥವಿಲ್ಲ. ಮಾಮೂಲಿನಂತೆ ಬಾಗಿಲು ತೆಗೆದು ಹಾಕುತ್ತಾ 48 ಗಂಟೆ ಬಿಡಿ, ಬಂದ ಯೂನಿಟ್ಟನ್ನು 15ರಿಂದ ಗುಣಿಸಿದರೆ ತಿಂಗಳ ಲೆಕ್ಕ. ಕಂಪ್ರೆಸರ್ ನಿಲ್ಲುವುದೇ ಇಲ್ಲವೆಂದರೆ ಬಾಗಿಲ ರಬ್ಬರಿನ ನಡುವೆ ಕಾಗದ ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ತಂಪು ಸೋರುತ್ತಿದೆ. ಹಿಂಬದಿಗೆ ಗಾಳಿ ಸಾಲದಿದ್ದರೂ ಇದೇ ಪಾಡು.

ಮೀಟರಿನ ದೌರ್ಬಲ್ಯಗಳೂ ಇವೆ. ಒಂದೆರಡು ವ್ಯಾಟಿಗಿಂತ ಕಡಿಮೆಯ ಹೊರೆಯನ್ನು ಅಗ್ಗದ ಮಾದರಿಗಳು ಸೊನ್ನೆ ಎಂದೋ ತಪ್ಪಾಗಿಯೋ ತೋರಿಸುತ್ತವೆ. ಒಳಗೆ ಬಟನ್ ಬ್ಯಾಟರಿಯೋ ಶಾಶ್ವತ ಮೆಮೊರಿಯೋ ಇಲ್ಲದವು ಕರೆಂಟ್ ಹೋದ ಕೂಡಲೇ ಎರಡು ದಿನದ ಲೆಕ್ಕ ಅಳಿಸಿಬಿಡುತ್ತವೆ. ಕೊಳ್ಳುವಾಗ ಕೇಳಲೇಬೇಕಾದ ಪ್ರಶ್ನೆ ಇದು. ಪರದೆಯಲ್ಲಿ ವೋಲ್ಟ್-ಆಂಪಿಯರ್ (ವೋಲ್ಟನ್ನು ಆಂಪಿಯರಿನಿಂದ ಗುಣಿಸಿದ) ಅಂಕಿಯೂ ಬರಬಹುದು. ಮೋಟಾರ್ ಇರುವ ಯಂತ್ರಗಳಲ್ಲಿ ಅದು ವ್ಯಾಟಿಗಿಂತ ಹೆಚ್ಚಿರುತ್ತದೆ, ಗಾಬರಿ ಬೇಡ. ಮನೆ ಬಿಲ್ಲಿನಲ್ಲಿ ಸಾಮಾನ್ಯವಾಗಿ ಎಣಿಸುವುದು ವ್ಯಾಟ್ ಲೆಕ್ಕದ ಯೂನಿಟ್ಟನ್ನು.

ಆಂಪಿಯರ್ ಮಿತಿ ನೋಡದೆ ಗೀಸರ್, ಹೀಟರ್, ಇಸ್ತ್ರಿಪೆಟ್ಟಿಗೆ ಹಾಕಬೇಡಿ. 230 ವೋಲ್ಟಿನಲ್ಲಿ 2000 ವ್ಯಾಟಿನ ಗೀಸರ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 6 ಆಂಪಿಯರಿನ ಮೀಟರ್ ಕರಗೀತು. ಸರಿಯಾದ ಮಿತಿಯದ್ದಾದರೂ ಹದಿನೈದು ನಿಮಿಷ ಕಳೆದು ಮುಟ್ಟಿ ನೋಡಿ. ಕೈ ಸುಡುವಷ್ಟಿದ್ದರೆ ಸಾಕೆಟ್ಟಿನ ಹಿಡಿತ ಸಡಿಲಾಗಿರಬಹುದು.

ಸೀಲಿಂಗ್ ಫ್ಯಾನ್, ದೀಪಗಳಿಗೆ ಪ್ಲಗ್ಗೇ ಇಲ್ಲವಾದ್ದರಿಂದ ಈ ಉಪಕರಣ ಅಲ್ಲಿ ನಿರುಪಯೋಗಿ. ಆಗ ಮನೆಯ ಡಿಜಿಟಲ್ ಮೀಟರಿನ ಮಿನುಗು ದೀಪವೇ ಗತಿ. ಯೂನಿಟ್ಟಿಗೆ 3200 ಮಿನುಗು ಎಂದು ಬರೆದಿದ್ದರೆ, ಉಳಿದದ್ದೆಲ್ಲ ಆರಿಸಿ ಎಣಿಸಿ: ನಿಮಿಷಕ್ಕೆ ನಾಲ್ಕು ಮಿನುಗಿದರೆ 75 ವ್ಯಾಟ್.

ವೈಫೈ ಇರುವ ಮಾದರಿಗೆ ಹೆಚ್ಚು ಹಣ ಸುರಿಯುವುದು ದಂಡ. ಎರಡು ವಾರ ಅಳೆದ ಮೇಲೆ ಇದು ಸೇರುವುದು ಮೇಜಿನ ಖಾನೆಗೇ. ನಾಲ್ಕೈದು ಮನೆಯವರು ಕೂಡಿ ಬ್ಯಾಟರಿ ಇರುವ, 16 ಆಂಪಿಯರಿನ ಸಾದಾ ಮೀಟರ್ ಒಂದನ್ನು ಕೊಂಡರೆ ಸಾಕು.