ಲರ್ನಿಂಗ್ ಸ್ಟೈಲಾ, ನೆನಪಿಂದ ಬರೆಸೋದಾ? ಕ್ಲಾಸಿಗೆ ಯಾವ್ದು

ಬ್ರೈನ್ ರಿಸರ್ಚ್ ಹೆಸರಲ್ಲಿ ಟೀಚರ್‌ಗಳಿಗೆ ಜಾಸ್ತಿ ಹೇಳೋದು ಈ ಎರಡು. ಲರ್ನಿಂಗ್ ಸ್ಟೈಲ್ ಅಂದ್ರೆ ಈ ಮಗು ನೋಡಿ ಕಲಿಯುತ್ತೆ, ಆ ಮಗು ಕೇಳಿ ಕಲಿಯುತ್ತೆ ಅಂತ ಗುಂಪು ಮಾಡಿ ಪಾಠ ಮಾಡೋದು, ಕೇಳೋಕೆ ಚೆನ್ನಾಗಿದೆ ಆದ್ರೆ 2008ರಲ್ಲಿ ಮನೋವಿಜ್ಞಾನಿ ಪ್ಯಾಶ್ಲರ್ ಮತ್ತು ಜೊತೆಗಾರರು ಅಲ್ಲಿವರೆಗಿನ ಸಂಶೋಧನೆ ಎಲ್ಲಾ ಜಾಲಾಡಿದ್ರೂ ಸರಿಯಾದ ಪುರಾವೆ ಸಿಗಲಿಲ್ಲ.

ಇನ್ನೊಂದು, ಪುಸ್ತಕ ಮುಚ್ಚಿಸಿ ನೆನಪಿಂದ ಬರೆಸೋದು. 2006ರಲ್ಲಿ ರೋಡಿಗರ್, ಕಾರ್ಪಿಕ್ ಅನ್ನೋ ಮನೋವಿಜ್ಞಾನಿಗಳು ಕಾಲೇಜು ಸ್ಟೂಡೆಂಟ್ಸ್ ಜೊತೆ ಮಾಡಿದ ಪ್ರಯೋಗದಲ್ಲಿ, ಓದಿದ್ದನ್ನೇ ಒಮ್ಮೆ ಮತ್ತೆ ಓದಿಸಿದ್ರು, ಇನ್ನೊಮ್ಮೆ ನೆನಪಿಂದ ಬರೆಸಿದ್ರು. 5 ನಿಮಿಷ ಬಿಟ್ಟು ಕೇಳಿದ್ರೆ ಮತ್ತೆ ಓದಿದವರೇ ಮುಂದೆ, ಆದ್ರೆ ಒಂದು ವಾರ ಆದ್ಮೇಲೆ ಮತ್ತೆ ಓದಿದವರಿಗೆ ಸುಮಾರು 42%, ನೆನಪಿಂದ ಬರೆದವರಿಗೆ 56% ನೆನಪಿತ್ತು. ಮಗು ತಡವರಿಸೋದು ನೋಡಿದ್ರೆ ಪಾಪ ಅನ್ಸುತ್ತೆ ನಿಜ, ಆದ್ರೂ ಇದನ್ನೇ ಆರಿಸ್ಕೊಳ್ಳಿ. ನಿನ್ನೆ ಪಾಠದ ಎರಡು ಪ್ರಶ್ನೆ ಇವತ್ತು ಕೇಳಿ, ಮುಂದಿನ ವಾರ ಮತ್ತೊಮ್ಮೆ ಕೇಳಿ, ತಪ್ಪಿದ್ರೆ ಅಲ್ಲೇ ತಿದ್ದಿ, ಮಾರ್ಕ್ಸ್ ಮಾತ್ರ ಹಾಕ್ಬೇಡಿ.