ಓಟಿಪಿ, ಆಥೆಂಟಿಕೇಟರ್, ಪಾಸ್‌ಕೀ: ಸಿಗ್ನಲ್ ಇಲ್ಲದ ಊರಲ್ಲಿ ಯಾವುದು ವಾಸಿ?

ಮೈಸೂರಿನ ಸರಸ್ವತಿಪುರಂನಲ್ಲಿ ಕೂತು ನೋಡಿದರೆ ಎಸ್‌ಎಂಎಸ್ ಓಟಿಪಿಯಲ್ಲಿ ಕೊರತೆಯೇನೂ ಕಾಣುವುದಿಲ್ಲ. ಲಾಗಿನ್ ಒತ್ತಿದ ಕೂಡಲೇ ಮೆಸೇಜ್ ಬರುತ್ತದೆ. ನಮ್ಮೂರು ಇರುವುದು ಮೇಲುಕೋಟೆ ಬೆಟ್ಟದ ಆಚೆ ಮಗ್ಗುಲಲ್ಲಿ. ಅಲ್ಲಿ ಮನೆಯೊಳಗೆ ವೈಫೈ ಇದೆ, ಸಿಮ್‌ಗೆ ಸಿಗ್ನಲ್ ಇಲ್ಲ. ಫೋನ್ ಹಿಡಿದು ತಾರಸಿ ಹತ್ತಬೇಕು. ಓಟಿಪಿ ಬರುವ ಹೊತ್ತಿಗೆ ಅದರ ಅವಧಿಯೇ ಮುಗಿದಿರುತ್ತದೆ. ಇನ್ನೊಂದು ಭಯವೂ ಇದೆ. ಯಾರಾದರೂ ನಮ್ಮ ನಂಬರಿಗೆ ಡುಪ್ಲಿಕೇಟ್ ಸಿಮ್ ತೆಗೆದುಕೊಂಡರೆ ಓಟಿಪಿ ನೇರವಾಗಿ ಅವರಿಗೇ ಹೋಗುತ್ತದೆ.

ಆಥೆಂಟಿಕೇಟರ್ ಆ್ಯಪ್‌ಗೆ ಸಿಗ್ನಲ್ ಬೇಡ, ನೆಟ್ಟೂ ಬೇಡ. ಮೊದಲ ಸಲ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಒಂದು ಗುಟ್ಟಿನ ಕೀ ಫೋನಿಗೆ ಬಂದು ಕೂರುತ್ತದೆ. ಆ ಕೀ ಮತ್ತು ಗಡಿಯಾರದ ಸಮಯ ಸೇರಿಸಿ, ಸಾಮಾನ್ಯವಾಗಿ 30 ಸೆಕೆಂಡಿಗೊಂದರಂತೆ 6 ಅಂಕಿಯ ಕೋಡ್ ಹುಟ್ಟುತ್ತದೆ. ಏರೋಪ್ಲೇನ್ ಮೋಡ್‌ನಲ್ಲೂ ಕೋಡ್ ಸಿಕ್ಕಿತು. ಫೋನಿನ ಸಮಯ ಮಾತ್ರ ಸರಿ ಇರಬೇಕು. ಆಟೊಮ್ಯಾಟಿಕ್‌ಗೆ ಹಾಕಿಬಿಡಿ.

ಇದರಲ್ಲೂ ಎರಡು ಆ್ಯಪ್ ನೋಡಿದೆ. ಗೂಗಲ್ ಆಥೆಂಟಿಕೇಟರ್ ಸರಳ. ಆದರೆ ಕೋಡ್‌ಗಳನ್ನು ಗೂಗಲ್ ಖಾತೆಗೆ ಸಿಂಕ್ ಮಾಡುವ ಸೌಲಭ್ಯ ಅದಕ್ಕೆ ಬಂದಿದ್ದೇ 2023ರಲ್ಲಿ. ಏಜಿಸ್ ಬರೀ ಆಂಡ್ರಾಯ್ಡ್‌ಗೆ. ಪಾಸ್‌ವರ್ಡ್ ಹಾಕಿದ ಬ್ಯಾಕಪ್ ಫೈಲನ್ನು ನಮಗೆ ಬೇಕಾದ ಕಡೆ ಇಟ್ಟುಕೊಳ್ಳಬಹುದು. ನನಗೆ ಹಿಡಿಸಿದ್ದು ಇದೇ. ಆದರೂ ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಅಂಕಿ ಹೊತ್ತುಕೊಂಡು ಓಡುವುದು ತಪ್ಪುವುದಿಲ್ಲ. ನಕಲಿ ಪುಟದಲ್ಲಿ ಕೋಡ್ ಹಾಕಿದರೆ ಕಥೆ ಮುಗೀತು, ಅಲ್ವಾ? ಆ ವಿಷಯದಲ್ಲಿ ಇದೂ ಓಟಿಪಿಯೂ ಒಂದೇ.

ಪಾಸ್‌ಕೀ ಅಂದರೆ ಪಾಸ್‌ವರ್ಡ್ ಬದಲು ಫೋನಿನ ಲಾಕ್ ತೆಗೆದ ಹಾಗೆಯೇ ಲಾಗಿನ್ ಆಗುವ ಡಿಜಿಟಲ್ ಕೀ. ಅದು ಗೆಲ್ಲುವುದು ಅಲ್ಲೇ. ಅದು ಅಸಲಿ ಸೈಟಿನ ವಿಳಾಸಕ್ಕೇ ಕಟ್ಟುಬಿದ್ದಿರುತ್ತದೆ, ನಕಲಿ ಪುಟದಲ್ಲಿ ಕೆಲಸವನ್ನೇ ಮಾಡುವುದಿಲ್ಲ. ಟೈಪ್ ಮಾಡುವುದೇನೂ ಇಲ್ಲ, ಬೆರಳಿಟ್ಟರೆ ಆಯಿತು. ಕನ್ನಡಕ ಹುಡುಕುವ ಕೆಲಸ ಇಲ್ಲ ಅಂತ ಅಪ್ಪನಿಗೆ ಖುಷಿ. ಹೊಲದ ಕೆಲಸದಿಂದ ಸವೆದ ಬೆರಳನ್ನು ಸೆನ್ಸರ್ ಆಗಾಗ ಒಪ್ಪುವುದಿಲ್ಲ. ಆಗ ಫೋನಿನ ಪಿನ್ ಹಾಕುತ್ತಾರೆ. ಎಲ್ಲ ಆ್ಯಪ್‌ಗಳಲ್ಲೂ ಪಾಸ್‌ಕೀ ಸಿಗುವುದಿಲ್ಲ ಅನ್ನುವುದೊಂದೇ ತಕರಾರು.

ಬ್ಯಾಂಕ್ ವ್ಯವಹಾರದಲ್ಲಿ ಆಯ್ಕೆ ನಮ್ಮ ಕೈಯಲ್ಲಿಲ್ಲ. ಎಸ್‌ಎಂಎಸ್ ಬಿಟ್ಟು ಬೇರೆ ದಾರಿಗಳಿಗೂ ಜಾಗ ಕೊಡುವ ನಿಯಮವನ್ನು ರಿಸರ್ವ್ ಬ್ಯಾಂಕ್ 2025ರಲ್ಲಿ ತಂದಿದೆ. ಸದ್ಯಕ್ಕೆ ನನ್ನ ಬ್ಯಾಂಕಿನ ಓಟಿಪಿಗೆ ತಾರಸಿಯೇ ಗತಿ.

ಅಪ್ಪನ ಗೂಗಲ್ ಖಾತೆಗೆ ಪಾಸ್‌ಕೀ ಹಾಕಿದೆ. ನನ್ನ ಉಳಿದ ಖಾತೆಗಳಿಗೆ ಏಜಿಸ್. ಯಾವುದನ್ನೇ ಹಾಕಿ, ಫೋನ್ ಕಳೆದರೆ ಒಳಗೆ ಹೋಗುವುದು ಹೇಗೆ ಅಂತ ಮೊದಲೇ ನೋಡಿಕೊಳ್ಳಿ. ಗೂಗಲ್ 10 ಬ್ಯಾಕಪ್ ಕೋಡ್ ಕೊಡುತ್ತದೆ, ಒಂದೊಂದೂ ಒಂದೇ ಸಲಕ್ಕೆ. ನಮ್ಮವು ಪ್ರಿಂಟ್ ಆಗಿ ಪಹಣಿ ಫೈಲಿನಲ್ಲಿವೆ. ಆ ಫೈಲನ್ನಂತೂ ನಮ್ಮನೆಯಲ್ಲಿ ಯಾರೂ ಕಳೆಯುವುದಿಲ್ಲ.